ಕಿಡ್ನಿಯಲ್ಲಿ ಆದದ್ದು ಕ್ಯಾಲ್ಸಿಯಂ ಕಲ್ಲು ಎಂದು ಗೊತ್ತಾದ ಮೇಲೆ ಹಾಲು ಮೊಸರು ಬಿಡಬೇಕೇ?

ಬಿಡಬೇಡಿ. ನಾನು ಬಿಟ್ಟು ಅನುಭವಿಸಿದ್ದೇನೆ.

ನನ್ನ ಮೊದಲ ಕಲ್ಲು ತಾನಾಗಿಯೇ ಹೊರಬಿತ್ತು. ಎಳ್ಳುಕಾಳಿಗಿಂತ ತುಸು ದೊಡ್ಡದು, ಕಂದು ಬಣ್ಣ, ಮೈತುಂಬ ಮುಳ್ಳು. ಲ್ಯಾಬಿಗೆ ಕೊಟ್ಟಾಗ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಕ್ಯಾಲ್ಸಿಯಂ ಎಂಬ ಹೆಸರು ಕಂಡದ್ದೇ ಹಾಲು, ಮೊಸರು, ಪನೀರ್ ಎಲ್ಲವನ್ನೂ ನಿಲ್ಲಿಸಿದೆ. ಅದರ ಜಾಗಕ್ಕೆ ಪಾಲಕ್ ಮತ್ತು ಬಾದಾಮಿ ಬಂದವು. ಎರಡನೆಯ ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡು ಸ್ಟೆಂಟ್ (ಮೂತ್ರ ಹರಿಯಲು ಒಳಗಿಡುವ ಕೊಳವೆ) ಹಾಕಿಸಬೇಕಾಯಿತು.

ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಕಡೆ ಹೊರಟಿದ್ದೀರಿ. ಆಕ್ಸಲೇಟ್ ಎಂಬುದು ಪಾಲಕ್, ಬಾದಾಮಿಯಂಥ ಆಹಾರದಲ್ಲಿರುವ ಒಂದು ಪದಾರ್ಥ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಹಿಡಿಯಲು ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಇಳಿದು ಕಿಡ್ನಿ ಸೇರುತ್ತದೆ. ಅಲ್ಲಿ ಅದಕ್ಕೆ ಕ್ಯಾಲ್ಸಿಯಂ ಸಿಕ್ಕೇ ಸಿಗುತ್ತದೆ, ಆಮೇಲೆ ಕಲ್ಲು. ಅಂದರೆ ನಾನು ಕರುಳಿನ ಕಾವಲನ್ನು ತೆಗೆದುಹಾಕಿ, ಆಕ್ಸಲೇಟ್ ತುಂಬಿದ ಪಾಲಕ್ಕನ್ನೇ ಒಳಗೆ ಕಳಿಸುತ್ತಿದ್ದೆ. ಇಟಲಿಯಲ್ಲಿ ಬೋರ್ಗಿ ಮತ್ತು ಸಂಗಡಿಗರು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುವ 120 ಗಂಡಸರನ್ನು 5 ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿದೆ. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಮಾಮೂಲಿನಷ್ಟೇ ಇಟ್ಟು ಉಪ್ಪು, ಮಾಂಸ ಇಳಿಸಿದ 60 ಮಂದಿಯಲ್ಲಿ 12 ಜನರಿಗೆ.

ಹಾಗಾಗಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಆಹಾರದಿಂದಲೇ ಬರಲಿ, ಅದೂ ಊಟದ ಜೊತೆಗೇ. ಇಳಿಸಬೇಕಾದ್ದು ಉಪ್ಪು. ಕಿಡ್ನಿ ಉಪ್ಪಿನ ಸೋಡಿಯಂ ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನಿಗೇ ಮೂತ್ರಕ್ಕೆ ಹೋಗುತ್ತದೆ. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗುತ್ತಿದ್ದರೆ ಅದನ್ನೂ ನಿಲ್ಲಿಸಿ, ದೇಹದಲ್ಲಿ ಅದರ ಒಂದು ಪಾಲು ಆಕ್ಸಲೇಟ್ ಆಗುತ್ತದೆ.

ನೀರಿನ ಬಗ್ಗೆ ಎಲ್ಲರೂ ಹೇಳಿರುತ್ತಾರೆ. ಲೆಕ್ಕ ಇಡಬೇಕಾದ್ದು ಕುಡಿದದ್ದನ್ನಲ್ಲ, ಹೊರಹೋದದ್ದನ್ನು: ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗಬೇಕು.

ಆದರೆ ಇದೆಲ್ಲಕ್ಕಿಂತ ಮೊದಲು 24 ಗಂಟೆಯ ಮೂತ್ರ ಪರೀಕ್ಷೆ ಮಾಡಿಸಿ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಕ್ಯಾನಿಗೆ ತುಂಬಿಸಬೇಕು. ಒಂದು ಸಲದ್ದು ತಪ್ಪಿದರೂ ಲೆಕ್ಕ ಕೆಡುತ್ತದೆ. ಪರೀಕ್ಷೆ ಎಂದು ಅವತ್ತು ಮಾತ್ರ ಜಾಸ್ತಿ ನೀರು ಕುಡಿಯಬೇಡಿ, ಪಥ್ಯ ಮಾಡಬೇಡಿ, ರಿಪೋರ್ಟ್ ಸುಳ್ಳಾಗುತ್ತದೆ. ನನ್ನದರಲ್ಲಿ ಆಕ್ಸಲೇಟ್ ಏರಿತ್ತು, ಸೋಡಿಯಂ ಏರಿತ್ತು, ಸಿಟ್ರೇಟ್ ತೀರಾ ಕೆಳಗಿತ್ತು. ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟದಂತೆ ತಡೆಯುತ್ತದೆ, ಅದಕ್ಕೇ ನನಗೆ ಪೊಟ್ಯಾಸಿಯಂ ಸಿಟ್ರೇಟ್ ಬರೆದುಕೊಟ್ಟರು. ನಿಮ್ಮ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದನ್ನು ಇಳಿಸುವ ಥಯಾಜೈಡ್ ಗುಂಪಿನ ಮಾತ್ರೆಯ ಮಾತು ಬರಬಹುದು. ಆದರೆ ಆ ಗುಂಪಿನ ಹೈಡ್ರೋಕ್ಲೋರೋಥಯಾಜೈಡ್ ಕಲ್ಲು ಮರುಕಳಿಸುವುದನ್ನು ತಡೆಯುವುದರಲ್ಲಿ ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2023ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡುಬಂತು. ಮಾತ್ರೆ ಇದೆಯಲ್ಲ ಎಂದು ಉಪ್ಪು ತಿನ್ನುತ್ತಾ ಕೂರಬೇಡಿ.

ರಕ್ತದ ಕ್ಯಾಲ್ಸಿಯಂ ಕೂಡ ನೋಡಿಸಿ. ಅದು ಹೆಚ್ಚಿದ್ದರೆ ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ಹಿಡಿತದಲ್ಲಿಡುವ ಕತ್ತಿನ ಗ್ರಂಥಿ) ಹಾರ್ಮೋನ್ ಪರೀಕ್ಷೆ ಮಾಡಿಸಲೇಬೇಕು. ಆ ಗ್ರಂಥಿಯದೇ ತೊಂದರೆಯಾಗಿದ್ದರೆ ಯಾವ ಪಥ್ಯದಿಂದಲೂ ಸರಿಹೋಗುವುದಿಲ್ಲ, ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ.