ತಾಲೂಕು ಆಸ್ಪತ್ರೆಯ ಸೇವೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ?

ಉತ್ತರ ಕನ್ನಡದ ಕರಾವಳಿಯ ತಾಲೂಕು ಆಸ್ಪತ್ರೆಯೊಂದರ ಆರೋಗ್ಯ ರಕ್ಷಾ ಸಮಿತಿಗೆ ಹೊಸದಾಗಿ ಸೇರಿದ್ದೀರೆಂದೂ, ಸಭೆಗಳೆಲ್ಲ ಬಣ್ಣ, ಕುರ್ಚಿ, ಯಂತ್ರಗಳ ಮಾತಿನಲ್ಲೇ ಮುಗಿಯುತ್ತವೆಂದೂ ಬರೆದಿದ್ದೀರಿ. ಸೇವೆಯ ಗುಣಮಟ್ಟವನ್ನು ಅಳೆಯುವುದು ಹೇಗೆ, ಅಳೆದರೆ ಏನಾದರೂ ಸುಧಾರಿಸುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು. ಕೊನೆಯ ಕೆಲವು ವರ್ಷ ಆಸ್ಪತ್ರೆಯ ಗುಣಮಟ್ಟ ತಂಡದಲ್ಲಿಯೂ ಇದ್ದೆ. ಆ ಅನುಭವದಿಂದ ಹೇಳುತ್ತೇನೆ.

ಅಳತೆಗೋಲನ್ನು ನೀವು ಹೊಸದಾಗಿ ಮಾಡಬೇಕಾಗಿಲ್ಲ. ಎನ್‌ಕ್ವಾಸ್ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು 2013ರಿಂದಲೇ ಇವೆ. ದೊರೆಯುವ ಸೇವೆ, ರೋಗಿಯ ಹಕ್ಕು, ಕಟ್ಟಡ ಮತ್ತು ಸಿಬ್ಬಂದಿ, ಪೂರಕ ಸೇವೆಗಳು, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂಬ ಎಂಟು ಭಾಗಗಳಲ್ಲಿ ಪ್ರತಿಯೊಂದು ಅಂಶಕ್ಕೂ 0, 1 ಅಥವಾ 2 ಅಂಕ ಕೊಡುತ್ತಾರೆ. ಕಣ್ಣಾರೆ ನೋಡಿ, ಸಿಬ್ಬಂದಿಯನ್ನು ಕೇಳಿ, ದಾಖಲೆ ತೆಗೆಸಿ, ರೋಗಿಯನ್ನು ಮಾತನಾಡಿಸಿ ಈ ಅಂಕ ನಿರ್ಧರಿಸಬೇಕು. ಪ್ರಮಾಣಪತ್ರಕ್ಕೆ ಒಟ್ಟಾರೆ ಶೇಕಡಾ 70 ಬೇಕು. ಸ್ವಚ್ಛತೆಗೆ 2015ರಲ್ಲಿ ಬಂದ ಕಾಯಕಲ್ಪ, ಹೆರಿಗೆ ಕೋಣೆಗೆ 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮಗಳಿಗೂ ಇಂಥದೇ ಪಟ್ಟಿಗಳಿವೆ. ನಿಮ್ಮ ಆಸ್ಪತ್ರೆಯ ಹಿಂದಿನ ಅಂಕಪಟ್ಟಿಯನ್ನು ಮೊದಲ ಸಭೆಯಲ್ಲೇ ಕೇಳಿ ಪಡೆದುಕೊಳ್ಳಿ.

ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಆಸ್ಪತ್ರೆಯಲ್ಲಿ ಏನಿದೆ, ಅದರಿಂದ ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು ಎಂದು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬೇಕೆಂದು ಡೊನಬೀಡಿಯನ್ ಎಂಬ ವೈದ್ಯ 1966ರಲ್ಲೇ ಬರೆದಿದ್ದರು. ಮೊದಲನೆಯದನ್ನು ಎಣಿಸುವುದು ಸುಲಭ, ಆದ್ದರಿಂದ ಸಮಿತಿಗಳು ಅಲ್ಲಿಯೇ ನಿಂತುಬಿಡುತ್ತವೆ. ಎರಡನೆಯದನ್ನು ಅಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ನಾನು ಕಂಡ ಒಂದು ಹಾಳೆಯ ಕಥೆ ಹೇಳುತ್ತೇನೆ.

ಹೆರಿಗೆ ನೋವಿನಲ್ಲಿರುವ ತಾಯಿಗೆ ಪಾರ್ಟೋಗ್ರಾಫ್ ಎಂಬ ಹಾಳೆ ಇರುತ್ತದೆ. ಅದರಲ್ಲಿ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತವನ್ನೂ, ನಾಲ್ಕು ಗಂಟೆಗೊಮ್ಮೆ ಗರ್ಭಕಂಠ ಎಷ್ಟು ತೆರೆದಿದೆ ಎಂಬುದನ್ನೂ ಗುರುತು ಮಾಡಬೇಕು. ಗರ್ಭಕಂಠದ ಗುರುತುಗಳ ಗೆರೆ ಹಾಳೆಯಲ್ಲಿ ಅಚ್ಚಾಗಿರುವ ಎಚ್ಚರಿಕೆಯ ಗೆರೆಯನ್ನು ದಾಟಿ ಬಲಕ್ಕೆ ಹೋದರೆ ಹೆರಿಗೆ ನಿಧಾನವಾಗುತ್ತಿದೆ, ವೈದ್ಯರನ್ನು ಕರೆಯಬೇಕು ಎಂದರ್ಥ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಹಾಳೆಗಳೆಲ್ಲ ಭರ್ತಿಯಾಗಿದ್ದವು, ಅಂಕವೂ ಪೂರ್ತಿ ಸಿಗುತ್ತಿತ್ತು. ಒಂದು ದಿನ ಹತ್ತಾರು ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ಎದೆಬಡಿತದ ಚುಕ್ಕೆಗಳು 140, 142, 140 ಎಂದು ಒಂದೇ ಸಾಲಿನಲ್ಲಿ, ಒಂದೇ ಪೆನ್ನಿನಲ್ಲಿ ಇದ್ದದ್ದು ಕಣ್ಣಿಗೆ ಬಿತ್ತು. ಹೆರಿಗೆಯಾದ ಮೇಲೆ ಕುಳಿತು ಬರೆದವು ಅವು. ಸಿಸ್ಟರ್‌ಗಳದ್ದು ಸೋಮಾರಿತನವಲ್ಲ, ರಾತ್ರಿ ಒಬ್ಬರೇ ಹೆರಿಗೆ ಕೋಣೆಯನ್ನೂ ಬಾಣಂತಿಯರ ವಾರ್ಡನ್ನೂ ನೋಡಿಕೊಳ್ಳುತ್ತಿದ್ದರು. ಯಾರಿಗೂ ನೋಟಿಸ್ ಕೊಡಬೇಡಿ ಎಂದು ನಾನು ಮೇಲಿನವರನ್ನು ಪಟ್ಟು ಹಿಡಿದು ಕೇಳಿಕೊಂಡೆ. ಹಾಳೆಯನ್ನು ಕಚೇರಿಯ ಮೇಜಿನಿಂದ ತೆಗೆದು ಮಂಚಕ್ಕೇ ನೇತುಹಾಕಿದೆವು, ಎದುರಿಗೆ ಗಡಿಯಾರ ಹಾಕಿಸಿದೆವು, ವಾರ್ಡಿಗೆ ರಾತ್ರಿ ಇನ್ನೊಬ್ಬರನ್ನು ಹೊಂದಿಸಿದೆವು, ಮತ್ತು ನೋವಿನ ನಡುವೆಯೇ ಬಂದು ಹಾಳೆ ನೋಡಿ ಸಹಿ ಮಾಡುವಂತೆ ವೈದ್ಯರನ್ನು ಒಪ್ಪಿಸಿದೆವು. ಕೆಲವು ವಾರಗಳಲ್ಲಿ ಚುಕ್ಕೆಗಳು ಏರುಪೇರಾದವು, ಕೆಲವು ಜಾಗ ಖಾಲಿಯೂ ಉಳಿದವು. ಅಂಕ ಇಳಿಯಿತು. ನನಗೆ ಅದು ಸಂತೋಷದ ದಿನ, ಏಕೆಂದರೆ ಆ ಹಾಳೆಗಳಲ್ಲಿ ಇದ್ದದ್ದು ನಿಜವಾಗಿ ಕೇಳಿಸಿಕೊಂಡ ಎದೆಬಡಿತ.

ಹೊರರೋಗಿ ವಿಭಾಗಕ್ಕೂ ಇಂಥದೊಂದು ಸರಳ ಉಪಾಯವಿದೆ: ಒಂದು ಸೋಮವಾರ ಬಂದವರ ಕೈಗೆ ಚೀಟಿಯೊಂದನ್ನು ಕೊಟ್ಟು, ನೋಂದಣಿ, ವೈದ್ಯರು, ಪ್ರಯೋಗಾಲಯ, ಔಷಧಿ ಕೌಂಟರ್ ಎಲ್ಲೆಡೆ ಗಂಟೆ ಬರೆಸಿ. ಸಮಯ ಎಲ್ಲಿ ಹೋಗುತ್ತದೆಂದು ಒಂದೇ ದಿನದಲ್ಲಿ ತಿಳಿಯುತ್ತದೆ. ರಕ್ತಪರೀಕ್ಷೆಯ ವರದಿ ಹಿಡಿದು ಎರಡನೆಯ ಸಲ ಸರದಿಯಲ್ಲಿ ನಿಲ್ಲುವುದೇ ದೊಡ್ಡ ಕಾಯುವಿಕೆ ಎಂದು ನಮ್ಮಲ್ಲಿ ಗೊತ್ತಾದಾಗ, ವರದಿ ತಂದವರಿಗೆ ಬೇರೆ ಸಾಲು ಮಾಡಿದೆವು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಇನ್ನು, ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆ ರೆಫರ್ ಆದವರದು, ಅಂದರೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದವರದು ಎಂಬುದು ನನ್ನ ದೃಢ ಅಭಿಪ್ರಾಯ. ಶಿರಸಿಯಿಂದ ಕಾರವಾರಕ್ಕೇ 100 ಕಿಲೋಮೀಟರಿಗಿಂತ ಹೆಚ್ಚು ದಾರಿ. ಗಂಭೀರವಾದವರನ್ನು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಒಯ್ಯುತ್ತೇವೆ. ಮಳೆಗಾಲದಲ್ಲಿ ಆ ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ನೂರರಲ್ಲಿ ಎಷ್ಟು ಜನರನ್ನು ಕಳುಹಿಸಿದರು ಎಂಬ ಲೆಕ್ಕ ಮಾತ್ರ ಸಾಲದು. ಅದು ಕಡಿಮೆಯಾದರೆ ಸೇವೆ ಸುಧಾರಿಸಿರಬಹುದು, ಕಳುಹಿಸಬೇಕಾದವರನ್ನು ಇಟ್ಟುಕೊಂಡಿರಲೂಬಹುದು. ಹೆಚ್ಚಾದರೆ ಶಸ್ತ್ರಚಿಕಿತ್ಸೆಗೆ ಬೇಕಾದ ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿರಬಹುದು. ಕಳುಹಿಸಲು ನಿರ್ಧರಿಸಿದ ಗಂಟೆ, ಆಂಬುಲೆನ್ಸ್ ಹೊರಟ ಗಂಟೆ, ತಲುಪಿದ ಗಂಟೆ, ಮುಂದೇನಾಯಿತು ಎಂಬ ನಾಲ್ಕನ್ನೂ ಬರೆದರೆ ಮಾತ್ರ ತಡ ಎಲ್ಲಾಯಿತೆಂದು ತಿಳಿಯುತ್ತದೆ. ಕೊನೆಯ ಎರಡಕ್ಕೆ ಮರುದಿನ ಮನೆಯವರಿಗೆ ಒಂದು ಫೋನ್ ಮಾಡಬೇಕು. ನಾವು ಮಾಡುತ್ತಿದ್ದೆವು, ಕೆಲವೊಮ್ಮೆ ಆ ಕಡೆಯಿಂದ ಅಳು ಮಾತ್ರ ಕೇಳಿಸುತ್ತಿತ್ತು, ಅದನ್ನೂ ಬರೆದಿಡುತ್ತಿದ್ದೆವು.

ಅಳೆದರೆ ಸುಧಾರಿಸುತ್ತದೆಯೇ ಎಂದು ಕೇಳಿದಿರಲ್ಲ, ಅಳತೆ ಆ ಕೆಲಸ ಮಾಡುವವರ ಕೈಗೇ ಮರಳಿದರೆ ಸುಧಾರಿಸುತ್ತದೆ. ತಿಂಗಳ ಅಂಕಿಗಳು ಜಿಲ್ಲಾ ಕಚೇರಿಗೆ ಹೋಗಿ ಅಲ್ಲೇ ಉಳಿದರೆ ಇಲ್ಲ. ಆದ್ದರಿಂದ ಮುಂದಿನ ಸಭೆಗೆ ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಅವರನ್ನೂ ಕರೆಸಿ, ರೆಫರ್ ರಿಜಿಸ್ಟರನ್ನು ತರಲು ಹೇಳಿ, ಕಳೆದ ಮೂರು ತಿಂಗಳ ಪುಟಗಳನ್ನು ಅವರ ಜೊತೆಯಲ್ಲೇ ಓದಿ. ಅದರಲ್ಲಿ ತಲುಪಿದ ಗಂಟೆಯ ಕಾಲಂ ಇಲ್ಲದಿದ್ದರೆ ಅಲ್ಲಿಯೇ ಸ್ಕೇಲು ಹಿಡಿದು ಗೆರೆ ಎಳೆಸಿ.