ಇಂಜೆಕ್ಷನ್‌ಗೆ ಗಡ್ಡೆ ಒಗ್ಗಿಕೊಳ್ಳುವುದಿಲ್ಲವೇ?

ಪ್ರಶ್ನೆ: ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್. ಏಳು ವಾರ ಕರೆಂಟ್ ಕೊಡಬೇಕು, ಅದು ಚೆನ್ನಾಗಿ ನಾಟಲೆಂದು ವಾರಕ್ಕೊಂದು ಸಿಸ್‌ಪ್ಲಾಟಿನ್ ಇಂಜೆಕ್ಷನ್ ಕೊಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ತೋಟಕ್ಕೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಹುಳ ಅದಕ್ಕೆ ಒಗ್ಗಿಕೊಳ್ಳುತ್ತದೆ. ಗಡ್ಡೆಯೂ ಹಾಗೆ ಒಗ್ಗಿಕೊಳ್ಳುವುದಿಲ್ಲವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಸಿಸ್‌ಪ್ಲಾಟಿನ್ ಬೆರೆಸಿದ ದ್ರವದಲ್ಲಿ ತಿಂಗಳುಗಟ್ಟಲೆ ಬೆಳೆಸಿ, ಔಷಧಿಯ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರೆ, ಹೆಚ್ಚಿನವು ಸತ್ತು, ತಡೆದುಕೊಂಡ ಕೆಲವು ಮಾತ್ರ ಉಳಿದು ಸಂತತಿ ಬೆಳೆಸುತ್ತವೆ. ಹೀಗೆ ಉಳಿದ ಕೋಶಗಳಲ್ಲಿ ಔಷಧಿ ಒಳಹೋಗುವುದು ಕಡಿಮೆಯಾಗಿರಬಹುದು, ಒಳಹೋದದ್ದನ್ನು ಗ್ಲುಟಾಥಯೋನ್ ಎಂಬ ವಸ್ತು ಕಟ್ಟಿಹಾಕಬಹುದು, ಇಲ್ಲವೇ ಹಾನಿಗೊಂಡ ಡಿಎನ್‌ಎಯನ್ನು ಕೋಶವು ಬೇಗ ದುರಸ್ತಿ ಮಾಡಿಕೊಳ್ಳಬಹುದು. ಔಷಧಿ ಒಳನುಗ್ಗುವ ದಾರಿಗಳಲ್ಲಿ ಒಂದು, ಕೋಶಕ್ಕೆ ತಾಮ್ರವನ್ನು ಒಯ್ಯುವ ಪ್ರೋಟೀನು. ಮೈಲುತುತ್ತ ಕಲಸಿ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮಲೆನಾಡಿನವರಿಗೆ ಇದು ಕುತೂಹಲದ ಸಂಗತಿಯೆನಿಸೀತು.

ಆದರೆ ನಿಮ್ಮ ತಂದೆಯವರ ಚಿಕಿತ್ಸೆಯಲ್ಲಿ ಸಿಸ್‌ಪ್ಲಾಟಿನ್ ಒಂಟಿಯಾಗಿ ದುಡಿಯುತ್ತಿಲ್ಲ. ಅದು ಡಿಎನ್‌ಎಯ ಎಳೆಗಳಿಗೆ ಗಂಟು ಹಾಕುತ್ತದೆ. ಅದೇ ಹೊತ್ತಿಗೆ ವಿಕಿರಣವು, ಅಂದರೆ ನೀವು ಹೇಳಿದ ‘ಕರೆಂಟ್’, ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಗಂಟು ಬಿಡಿಸುವುದರಲ್ಲಿ ತೊಡಗಿದ ಕೋಶಕ್ಕೆ ತುಂಡಾದದ್ದನ್ನು ಜೋಡಿಸುವುದು ಕಷ್ಟವಾಗುತ್ತದೆ. ಔಷಧಿಗೆ ಒಗ್ಗಿದ ಕೋಶಗಳೆಲ್ಲ ವಿಕಿರಣಕ್ಕೂ ಒಗ್ಗಿರುತ್ತವೆ ಎಂದೇನಿಲ್ಲ. ಮೇಲಾಗಿ, ನಿಧಾನವಾಗಿ ಏರಿಸುತ್ತ ಹೋಗುವ ಪ್ರಯೋಗಾಲಯದ ತಿಂಗಳುಗಳಿಗೂ ದಿನವೂ ಪೆಟ್ಟು ಬೀಳುವ ಏಳು ವಾರಗಳಿಗೂ ಬಹಳ ವ್ಯತ್ಯಾಸವಿದೆ.

ದೀರ್ಘಕಾಲ ಔಷಧಿ ತಗಲುವುದೇ ದೋಷವೆಂದೂ ತಿಳಿಯಬಾರದು. ಗುದನಾಳದ ಕ್ಯಾನ್ಸರಿನಲ್ಲಿ ಬಳಸುವ ಫ್ಲೋರೋಯುರಾಸಿಲ್‌ನ ಪ್ರಮಾಣ ರಕ್ತದಲ್ಲಿ ಸುಮಾರು 10–20 ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಅದು ಮುಖ್ಯವಾಗಿ ಡಿಎನ್‌ಎ ನಕಲು ಮಾಡುತ್ತಿರುವ ಕೋಶಗಳನ್ನೇ ಹಿಡಿಯುವುದರಿಂದ, ಪಂಪಿನ ಮೂಲಕ ಹನಿ ನೀರಾವರಿಯಂತೆ ಹಗಲಿರುಳು ಕೊಡುವ ಅಥವಾ ಕೆಪೆಸಿಟಬಿನ್ ಮಾತ್ರೆಯಾಗಿ ನುಂಗಿಸುವ ಕ್ರಮ ಬಂದಿತು. ಸಿಸ್‌ಪ್ಲಾಟಿನ್ ಹಾಗಲ್ಲ, ಅದು ಅಂಗಾಂಶಕ್ಕೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಅದನ್ನು ಮಿತಿಯಲ್ಲಿಡಲು ಕಾರಣ ಗಡ್ಡೆ ಒಗ್ಗೀತೆಂಬ ಭಯಕ್ಕಿಂತ ಮೂತ್ರಪಿಂಡ ಮತ್ತು ಕಿವಿಯ ಚಿಂತೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದರೆ, ಮೂತ್ರ ಕಡಿಮೆಯಾದರೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ಡಾಕ್ಟರಿಗೆ ತಿಳಿಸಿ.

ನನ್ನನ್ನು ಕೇಳಿದರೆ, ಇದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ತಪ್ಪಿಹೋಗುವ ದಿನಗಳ ಬಗ್ಗೆ. ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿನಲ್ಲಿ ಸುಮಾರು ನಾಲ್ಕನೆಯ ವಾರದ ನಂತರ ಅಳಿದುಳಿದ ಕೋಶಗಳು ವೇಗವಾಗಿ ವಿಭಜಿಸತೊಡಗುತ್ತವೆ. ಅದನ್ನು ಸರಿದೂಗಿಸಲು ದಿನಕ್ಕೆ ಸುಮಾರು 0.6 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ವಿಕಿರಣ ಹೆಚ್ಚಿಗೆ ಬೇಕೆಂದು 1988ರಲ್ಲೇ ಲೆಕ್ಕ ಹಾಕಲಾಗಿದೆ. ದಿನದ ವಾಡಿಕೆಯ ಪ್ರಮಾಣವೇ 2 ಗ್ರೇ. ಘಾಟಿಯ ಮಳೆಯಿಂದಲೋ ಮನೆಯ ಕಾರ್ಯದಿಂದಲೋ ಬರುವುದು ತಪ್ಪಿದರೆ, ಆ ದಿನವನ್ನು ಹೇಗೆ ತುಂಬಿಸುವುದೆಂದು ಅಂದೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಚಿಕಿತ್ಸೆ ಮುಗಿದು ಆರು ತಿಂಗಳೊಳಗೆ ಗಡ್ಡೆ ಮರಳಿದರೆ ಮಾತ್ರ ನಿಮ್ಮ ಪ್ರಶ್ನೆ ಮತ್ತೆ ಎದುರಿಗೆ ಬರುತ್ತದೆ. ಆಗ ಸಾಮಾನ್ಯವಾಗಿ ಅದು ಸಿಸ್‌ಪ್ಲಾಟಿನ್ ಸೇರಿದ ಪ್ಲಾಟಿನಮ್ ವರ್ಗದ ಔಷಧಿಗೆ ಬಗ್ಗದ ಗಡ್ಡೆಯೆಂದು ಪರಿಗಣಿಸಿ ಬೇರೆ ಔಷಧಿಯನ್ನು ಆರಿಸಿಕೊಳ್ಳುತ್ತೇವೆ.