ರಿಪೋರ್ಟ್ ನಾರ್ಮಲ್ ಬಂತರಿ, ಗುಳಿಗಿ ಬಿಟ್ಟೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ.

46 ವರ್ಷದ ಇವರು ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಮೂರು ಪಾಳಿಯ ಕೆಲಸ. ಜತೆಗೆ ದುಡಿಯುತ್ತಿದ್ದ, ಇವರಿಗಿಂತ ನಾಲ್ಕು ವರ್ಷ ಚಿಕ್ಕವರೊಬ್ಬರು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದವರು ಮತ್ತೆ ಏಳಲಿಲ್ಲ. ಅಂದಿನಿಂದ ಇವರಿಗೆ ಮಲಗಲಿಕ್ಕೇ ಭಯ. ಹೆಂಡತಿ ಒತ್ತಾಯ ಮಾಡಿ ನಮ್ಮ ಬಳಿಗೆ ಕರೆತಂದಿದ್ದರು. ಇಷ್ಟು ಹೆದರಿದವರು ಕೊಲೆಸ್ಟ್ರಾಲ್ ಗುಳಿಗೆಯನ್ನು ಮಾತ್ರ ಬಿಟ್ಟು ಕೂತಿದ್ದರು.

ಮೊದಲ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 251, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 172, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 34, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 225. ಬಿಪಿ 148/94, ಸೊಂಟದ ಸುತ್ತಳತೆ 101 ಸೆಂ.ಮೀ. (ನಮ್ಮ ಗಂಡಸರಿಗೆ 90 ದಾಟಬಾರದು). ತಂದೆಗೆ 52ನೇ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತು. ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಗುಳಿಗೆ ರೋಸುವಾಸ್ಟಾಟಿನ್ 10 ಮಿ.ಗ್ರಾಂ. ಬರೆದರು. ಎರಡು ತಿಂಗಳಲ್ಲಿ ಎಲ್‌ಡಿಎಲ್ 94ಕ್ಕೆ ಇಳಿಯಿತು. ಲ್ಯಾಬಿನ ಹಾಳೆಯಲ್ಲಿ ‘ನಾರ್ಮಲ್’ ಎಂದಿತ್ತು, ಗುಳಿಗೆ ನಿಂತಿತು. ಮೂರು ತಿಂಗಳ ಮೇಲೆ ನೋಡಿದರೆ ಮತ್ತೆ 168.

“ಜ್ವರ ಬಿಟ್ಟ ಮ್ಯಾಲ ಗುಳಿಗಿ ಯಾಕ್ರಿ?” ಎಂಬುದು ಅವರ ವಾದ. ಅವರ ಕೆಲಸದ ಮಾತಿನಲ್ಲೇ ಕೇಳಲಾಯಿತು: ಬಾಯ್ಲರ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಸರಿ ಬಂತೆಂದು ಕೆಮಿಕಲ್ ಡೋಸಿಂಗ್ ನಿಲ್ಲಿಸುತ್ತೀರೇನು? ಅವರು ಸುಮ್ಮನಾದರು. ರಕ್ತದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸುವುದು. ಸ್ಟಾಟಿನ್ ಯಕೃತ್ತಿನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ, ಆಗ ಯಕೃತ್ತು ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಗುಳಿಗೆ ನಿಂತ ಕೆಲವೇ ವಾರಗಳಲ್ಲಿ ಎಲ್ಲ ಮೊದಲಿನ ಸ್ಥಿತಿಗೆ. 94 ಎಂಬುದು ಗುಳಿಗೆ ಹಿಡಿದಿಟ್ಟ ಅಂಕಿ.

ಆದರೆ ಬಾಯ್ಲರ್ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಕೊಳವೆಯೊಳಗೆ ಸ್ಕೇಲ್ (ನೀರಿನ ಲವಣದ ಗಟ್ಟಿ ಪದರ) ಕಟ್ಟಿದಂತೆ ಕೊಬ್ಬು ಕಟ್ಟಿ, ಪೂರ್ತಿ ತುಂಬಿದ ದಿನ ಅಟ್ಯಾಕ್ ಆಗುತ್ತದೆ ಎಂದೇ ಅವರು ತಿಳಿದಿದ್ದರು. ಹಾಗಾಗಿ “ಏಣಿ ಹತ್ತಿದ್ರೂ ದಮ್ಮು ಬರಂಗಿಲ್ಲ, ನನಗೇನಾಗೈತಿ” ಎಂಬ ಧೈರ್ಯ. ಕೊಬ್ಬು ಸೇರುವುದು ರಕ್ತನಾಳದ ಗೋಡೆಯೊಳಗೆ. ಅರ್ಧವೂ ಮುಚ್ಚದ ಜಾಗದಲ್ಲೇ ಆ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಬಂದ್ ಆಗಬಹುದು. ಹಿಂದಿನ ದಿನದವರೆಗೂ ಏನೂ ಅನ್ನಿಸದೆ ಇರಬಹುದು. ಸ್ಟಾಟಿನ್ ಈ ಪದರವನ್ನು ಗಟ್ಟಿಗೊಳಿಸುತ್ತದೆ. ಈ ಮಾತು ತಿಳಿದ ಮೇಲೆಯೇ ಅವರು ಗುಳಿಗೆಗೆ ಒಪ್ಪಿದ್ದು.

ಪಾಳಿ ಬದಲಾದಾಗ ಹೊತ್ತು ತಪ್ಪುತ್ತಿತ್ತು. ರೋಸುವಾಸ್ಟಾಟಿನ್‌ಗೆ ಇಂಥದೇ ಹೊತ್ತು ಎಂದಿಲ್ಲ. ಎದ್ದು ಹಲ್ಲುಜ್ಜಿದ ಕೂಡಲೇ ನುಂಗುವುದೆಂದು ಗೊತ್ತು ಮಾಡಿದೆವು. ಒಂದು ದಿನ ಮರೆತರೆ ಮರುದಿನ ಎರಡು ನುಂಗುವಂತಿಲ್ಲ. ಮೈಕೈ ತೀರಾ ನೋವಾದರೆ ಅಥವಾ ಮೂತ್ರ ಕಪ್ಪಗಾದರೆ ತಕ್ಷಣ ವೈದ್ಯರ ಬಳಿ. ‘ಲಿವರ್ ಹೋಗ್ತದ’ ಎಂಬ ಮೊಬೈಲ್ ಸಂದೇಶಕ್ಕೆ ಅವರ ಎಸ್‌ಜಿಪಿಟಿ (ಲಿವರ್ ಪರೀಕ್ಷೆ) ವರದಿ ತೋರಿಸಿದ್ದೇ ಉತ್ತರವಾಯಿತು.

ತಂಬಾಕಿನ ವಿಷಯ ಹೆಚ್ಚು ಹೊತ್ತು ಹಿಡಿಯಿತು. ಬೀಡಿ-ಸಿಗರೇಟ್ ಮುಟ್ಟುವುದಿಲ್ಲವೆಂಬ ಸಮಾಧಾನದಲ್ಲಿ ದಿನಕ್ಕೆ ಹತ್ತು-ಹನ್ನೆರಡು ಸಲ ಸುಣ್ಣ-ತಂಬಾಕು ತಿಕ್ಕಿ ಹಾಕಿಕೊಳ್ಳುತ್ತಿದ್ದರು. ಸುಣ್ಣ ನಿಕೋಟಿನ್ ಅನ್ನು ಬೇಗ ರಕ್ತಕ್ಕೆ ಸೇರಿಸುತ್ತದೆ. ಬಿಪಿ, ನಾಡಿ ಎರಡೂ ಏರುತ್ತವೆ. ರಾತ್ರಿ ಪಾಳಿ ಇಲ್ಲದ ವಾರದ ಸೋಮವಾರ ಬಿಡುವುದೆಂದು ಗೊತ್ತಾಯಿತು. ವೈದ್ಯರನ್ನು ಕೇಳಿ 2 ಮಿ.ಗ್ರಾಂ. ನಿಕೋಟಿನ್ ಗಮ್ ಶುರು. ಇದನ್ನು ಚೂಯಿಂಗ್ ಗಮ್‌ನಂತೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಬರುತ್ತದೆ; ಇವರಿಗೂ ಮೊದಲ ದಿನ ಅದೇ ಆಯಿತು. ಚುರುಗುಟ್ಟುವವರೆಗೆ ಮೆಲ್ಲಗೆ ಅಗಿದು, ಕೆನ್ನೆಯಲ್ಲಿ ಒತ್ತಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು, ಅರ್ಧ ತಾಸು. ಅದಕ್ಕೆ ಮುಂಚಿನ 15 ನಿಮಿಷ ಚಹಾ ಕುಡಿಯಬಾರದು. ಉಚಿತ ಸಹಾಯವಾಣಿ 1800-112-356 ಅನ್ನೂ ಬರೆದುಕೊಟ್ಟೆವು.

ಶೇಂಗಾ ಹಿಂಡಿ (ಚಟ್ನಿಪುಡಿ) ಬಿಡಬೇಕೇನೋ ಎಂದು ಮನೆಯವರ ಆತಂಕ. ಬೇಡ, ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ, ಉಪ್ಪು ಕಡಿಮೆ ಇದ್ದರೆ ಸಾಕು. ಜೋಳದ ರೊಟ್ಟಿ, ಕಾಳುಪಲ್ಯ ಹಾಗೇ ಇರಲಿ. ಬಿಡಬೇಕಾದದ್ದು ಸಂಜೆಯ ಗಿರಮಿಟ್ ಜತೆಗಿನ ಮಿರ್ಚಿ ಭಜಿ, ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದದ್ದು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿಯುತ್ತಿತ್ತು. ತಲೆಗೆ ಅರ್ಧ ಲೀಟರ್‌ನಂತೆ ಎರಡು ಲೀಟರಿಗೆ ಮೆಲ್ಲಗೆ ಇಳಿಸಲು ಹೇಳಿದೆವು. ಟ್ರೈಗ್ಲಿಸರೈಡ್ ಏರಲು ಚಹಾದ ಸಕ್ಕರೆಯೂ ಕಾರಣ: ಏಳು ಕಪ್, ಕಪ್ಪಿಗೆ ಎರಡು ಚಮಚ, ದಿನಕ್ಕೆ ಸುಮಾರು 70 ಗ್ರಾಂ. ಈ ಲೆಕ್ಕ ಅವರೇ ಬೆರಳಲ್ಲಿ ಎಣಿಸಿ ಬೆಚ್ಚಿದರು.

ಕೊನೆಗೆ ‘ಗ್ಯಾಸ್’. ಎದೆ ಹಿಡಿದರೆ ಸೋಡಾ ಕುಡಿದು ಮಲಗುವುದು ಅವರ ರೂಢಿ. ಎದೆಯ ನಡುವೆ ಭಾರ ಇಟ್ಟಂತಾಗಿ, ಎಡಗೈಗೋ ದವಡೆಗೋ ಹರಿದು, ತಣ್ಣನೆಯ ಬೆವರು ಬಂದರೆ ಹತ್ತು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಬೇಕು, ಬೈಕ್ ತಾವೇ ಓಡಿಸಬಾರದು. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನೇರ ಬಾಗಲಕೋಟೆಗೇ ಹೋಗುತ್ತೇವೆಂದು ಆ ಮೊದಲ ತಾಸು ಕಳೆಯಬಾರದು.

ಹತ್ತು ವಾರದ ಮೇಲೆ ಎಲ್‌ಡಿಎಲ್ 92. ವೈದ್ಯರು ಇಟ್ಟ ಗುರಿ 70ಕ್ಕಿಂತ ಕಡಿಮೆ. “ಎರಡು ಗುಳಿಗಿ ನುಂಗ್ಲೇನ್ರಿ?” ಎಂದರು. ಸ್ಟಾಟಿನ್ ದುಪ್ಪಟ್ಟು ಮಾಡಿದರೆ ಸಿಗುವುದು ಶೇ 6ರಷ್ಟು ಹೆಚ್ಚುವರಿ ಇಳಿಕೆ ಮಾತ್ರ. ಎಜೆಟಿಮೈಬ್ ಎಂಬ ಇನ್ನೊಂದು ಗುಳಿಗೆ 10 ಮಿ.ಗ್ರಾಂ. ಸೇರಿಸಿದರೆ ಇರುವುದರಲ್ಲಿ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ. ವೈದ್ಯರು ಅದನ್ನೇ ಸೇರಿಸಿದರು. ತಂಬಾಕು ಎರಡು ಸಲ ಮರಳಿ, ಈಗ ಆರು ವಾರದಿಂದ ನಿಂತಿದೆ. ಕಳೆದ ಭೇಟಿಗೆ 41 ವರ್ಷದ ತಮ್ಮನನ್ನೂ ಕರೆತಂದಿದ್ದರು. ಅವರ ಎಲ್‌ಡಿಎಲ್ 159.